ಸ್ಟಿಕರ್ ಇರಲಿ, ಐಡಲ್ ವ್ಯಾಟ್ ಎಷ್ಟು ಹೇಳಿ

ಹೊಸ ಸರ್ವರ್ ತಗೊಳ್ಳೋ ಮಾತು ಬಂದಾಗೆಲ್ಲ ಒಂದು ಹೋಲಿಕೆ ಶೀಟ್ ರೆಡಿ ಆಗತ್ತೆ, ಈ ಕೆಲಸದಲ್ಲಿ ಇರೋರೆಲ್ಲ ನೋಡಿರ್ತೀರ. ಪ್ರೊಸೆಸರ್ ಯಾವುದು, ಕೋರ್ ಎಷ್ಟು, ಮೆಮೊರಿ ಎಷ್ಟು, ವಾರಂಟಿ ಎಷ್ಟು ವರ್ಷ, ಎಲ್ಲದರ ಮುಂದೆನೂ ಒಂದೊಂದು ಅಂಕಿ. ಕೆಳಗೆ ಹೋಗ್ತಾ ಹೋಗ್ತಾ ‘ಎನರ್ಜಿ ಸ್ಟಾರ್’ ಅಂತ ಒಂದು ಸಾಲು ಬರತ್ತೆ (ಕರೆಂಟ್ ಮಿತವಾಗಿ ಬಳಸೋ ಮಷೀನಿಗೆ ಅಮೆರಿಕದ ಸರ್ಕಾರ ಕೊಡೋ ಲೇಬಲ್), ಅದರ ಮುಂದೆ ಮಾತ್ರ ಅಂಕಿ ಇಲ್ಲ, ಬರೀ ‘ಹೌದು’. ಪಕ್ಕದ ಕಂಪನಿಯದ್ದೂ ಹೌದು, ಅದರ ಪಕ್ಕದ್ದೂ ಹೌದು. ಎಲ್ಲರೂ ಹೌದು ಅಂದ್ಮೇಲೆ ಆ ಸಾಲಿಂದ ತೀರ್ಮಾನ ಮಾಡೋಕೆ ಏನೂ ಉಳಿಯಲ್ಲ, ಕಣ್ಣು ಸೀದಾ ಬೆಲೆ ಕಡೆ ಹೋಗತ್ತೆ. ಐದಾರು ವರ್ಷ ಹಗಲು ರಾತ್ರಿ ಆಫ್ ಆಗದೇ ಓಡೋ ಮಷೀನು, ಅದು ಕರೆಂಟ್ ಎಷ್ಟು ತಿನ್ನತ್ತೆ ಅನ್ನೋ ಒಂದೇ ಒಂದು ಪ್ರಶ್ನೆಗೆ ಇಡೀ ಶೀಟಲ್ಲಿ ಉತ್ತರ ಇರಲ್ಲ. ಇದು ನನಗೆ ತುಂಬ ದಿನದಿಂದ ಚುಚ್ಚೋ ವಿಷಯ, ಯಾಕಂದ್ರೆ ಆ ‘ಹೌದು’ ಅನ್ನೋದರ ಹಿಂದೆ ಯಾರೋ ಲ್ಯಾಬಲ್ಲಿ ಕೂತು ಮೀಟರ್ ಹಾಕಿ ಗಂಟೆಗಟ್ಟಲೆ ಅಳೆದ ಅಂಕಿಗಳು ಇರತ್ತೆ. ಐಡಲ್ ವ್ಯಾಟ್, ಅಂದ್ರೆ ಮಷೀನ್ ಏನೂ ಕೆಲಸ ಇಲ್ಲದೇ ಸುಮ್ನೆ ಆನ್ ಇದ್ದಾಗ ಎಳೆಯೋ ಕರೆಂಟ್, ಅದರಲ್ಲೊಂದು. ಅವು ಯಾರು ಬೇಕಾದ್ರೂ ನೋಡಬಹುದಾದ ಜಾಗದಲ್ಲೇ ಇವೆ. ನಾವು ಕೇಳಲ್ಲ, ಅವರು ತಾವಾಗಿ ಹೇಳಲ್ಲ.

ಕೇಳೋದು ಯಾಕೆ ಮುಖ್ಯ ಅಂತ ನನಗೆ ಮನದಟ್ಟಾಗಿದ್ದು ಒಂದು ರಾತ್ರಿ ಮೇಂಟೆನೆನ್ಸ್ ಟೈಮಲ್ಲಿ.

ಒಂದೇ ಮಾಡೆಲ್, ಎರಡು ರೀಡಿಂಗ್

ಆವತ್ತು ಟ್ರಾಫಿಕ್ ಎಲ್ಲ ಬೇರೆ ಕಡೆ ತಿರುಗಿಸಿ ಆಗಿತ್ತು, ರ‍್ಯಾಕ್‌ನಲ್ಲಿದ್ದ ಮಷೀನುಗಳಿಗೆ ಮಾಡೋಕೆ ಕೆಲಸವೇ ಇರ್ಲಿಲ್ಲ, ಸಿಪಿಯು ಬಳಕೆ ಶೇಕಡಾ ಒಂದೆರಡು ಅಷ್ಟೆ. ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗನಿಗೆ ಐಪಿಎಂಐ (ಸರ್ವರನ್ನ ದೂರದಿಂದಲೇ ನೋಡ್ಕೊಳ್ಳೋ ವ್ಯವಸ್ಥೆ) ತೋರಿಸೋಣ ಅಂತ ಪ್ರತಿ ಸರ್ವರಿಗೂ ಈಗ ಎಷ್ಟು ವ್ಯಾಟ್ ಎಳೀತಿದೆ ಅಂತ ಕೇಳೋ ಡಿಸಿಎಂಐ ಪವರ್ ರೀಡಿಂಗ್ ಕಮಾಂಡ್ ಕೊಡ್ತಾ ಹೋದ್ವಿ. ಒಂದು 110 ವ್ಯಾಟ್ ಆಸುಪಾಸು ತೋರಿಸ್ತು. ಅದರ ಕೆಳಗಿಂದು 180. ಎರಡೂ ಒಂದೇ ಮಾಡೆಲ್, ಒಂದೇ ಆರ್ಡರಲ್ಲಿ ಬಂದಿದ್ದು, ಅದೇ ಪ್ರೊಸೆಸರ್, ಅಷ್ಟೇ ಮೆಮೊರಿ, ಮುಂದಿನ ಬೆಜೆಲ್ ಮೇಲೆ ಅದೇ ಸ್ಟಿಕರ್. ಹುಡುಗ "ಸರ್, ಇದು ತಪ್ಪು ತೋರಿಸ್ತಿರಬೇಕು ಸರ್" ಅಂದ. ರ‍್ಯಾಕ್ ಹಿಂದೆ ಹೋಗಿ ಪಿಡಿಯು (ಸರ್ವರುಗಳಿಗೆ ಕರೆಂಟ್ ಹಂಚೋ ಪಟ್ಟಿ) ಔಟ್‌ಲೆಟ್ ರೀಡಿಂಗ್ ನೋಡಿದ್ವಿ, ಅಲ್ಲೂ ಅದೇ ಅಂತರ. ಎರಡನೇದರ ಎಕ್ಸಾಸ್ಟ್ ಹತ್ರ ಕೈ ಇಟ್ರೆ ಗಾಳಿ ಬೆಚ್ಚಗೆ ಬರ್ತಿರೋದು ಕೂಡ ಗೊತ್ತಾಗ್ತಿತ್ತು.

ಕಾರಣ ಮಷೀನಿನ ಮೂಲ ಸೆಟ್ಟಿಂಗ್ ಇರೋ ಬಯಾಸ್‌ನಲ್ಲಿತ್ತು. ಎರಡನೇ ಮಷೀನಲ್ಲಿ ಯಾವಾಗ್ಲೋ ಸಿಸ್ಟಂ ಪ್ರೊಫೈಲ್‌ನ ‘ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ಗೆ ಹಾಕಿ ಸಿ ಸ್ಟೇಟ್ ಪೂರ್ತಿ ಆಫ್ ಮಾಡಿದ್ರು. ಡೇಟಾಬೇಸ್ ಟ್ಯೂನಿಂಗ್ ಗೈಡಲ್ಲಿ ಹಾಗೆ ಬರೆದಿರತ್ತೆ, ಹಾಕಿದೋರು ಆ ಪ್ರಾಜೆಕ್ಟ್ ಮುಗಿಸಿ ಹೋದ್ಮೇಲೂ ಸೆಟ್ಟಿಂಗ್ ಹಾಗೇ ಉಳಿದಿತ್ತು. ಸಿ ಸ್ಟೇಟ್ ಆಫ್ ಮಾಡಿದ್ರೆ ಕೆಲಸ ಇಲ್ಲದ ಕೋರ್ ನಿದ್ದೆಗೆ ಹೋಗಲ್ಲ, ಸುಮ್ನೆ ಎದ್ದು ಕೂತಿರತ್ತೆ. ಆಳವಾದ ನಿದ್ದೆಯಿಂದ ಏಳೋಕೆ ಒಂದು ಕೋರಿಗೆ ನೂರಾರು ಮೈಕ್ರೋಸೆಕೆಂಡ್ ಬೇಕಾಗಬಹುದು. ಷೇರು ವಹಿವಾಟಿನ ಸಿಸ್ಟಂಗೆ ಅದು ದೊಡ್ಡ ವಿಷಯ ಇರಬಹುದು, ಪ್ರತಿ ರಿಕ್ವೆಸ್ಟಿಗೂ ಮಿಲಿಸೆಕೆಂಡ್‌ಗಟ್ಟಲೆ ಡಿಸ್ಕಿಗೋ ನೆಟ್‌ವರ್ಕಿಗೋ ಕಾಯೋ ಮಾಮೂಲಿ ಅಪ್ಲಿಕೇಶನ್ನಿಗೆ ಅದು ಲೆಕ್ಕಕ್ಕೇ ಬರಲ್ಲ.

70 ವ್ಯಾಟ್ ಅಂದ್ರೆ ಒಂದು ಬಲ್ಬಿನಷ್ಟು ಅನ್ನಿಸತ್ತೆ. ಆದರೆ ವರ್ಷಕ್ಕೆ 8,760 ಗಂಟೆ, ಹಾಗಾಗಿ 613 ಯೂನಿಟ್. ಕೂಲಿಂಗ್, ಯುಪಿಎಸ್ ನಷ್ಟ ಎಲ್ಲ ಸೇರಿಸಿ ಪಿಯುಇ (ಇಡೀ ಡೇಟಾ ಸೆಂಟರ್ ಎಳೆಯೋ ಕರೆಂಟ್ ಐಟಿ ಮಷೀನುಗಳು ಎಳೆಯೋದರ ಎಷ್ಟು ಪಟ್ಟು ಅನ್ನೋ ಅಂಕಿ) 1.5 ಇದೆ ಅಂತ ಇಟ್ಕೊಂಡ್ರೆ 920. ಒಂದು ಮಷೀನಿಗೆ, ಏನೂ ಕೆಲಸ ಮಾಡದೇ ಇರೋದಕ್ಕೆ. ಎನರ್ಜಿ ಸ್ಟಾರ್ ನಿಯಮದಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್ಮೆಂಟ್ ಆನ್ ಇಟ್ಟೇ ಫ್ಯಾಕ್ಟರಿಯಿಂದ ಕಳಿಸ್ಬೇಕು ಅಂತ ಸ್ಪಷ್ಟವಾಗಿದೆ, ಕಂಪನಿಯೋರು ಕಳಿಸಿದ್ದೂ ಹಾಗೇ. ಸ್ಟಿಕರ್ ಸುಳ್ಳು ಹೇಳಿರ್ಲಿಲ್ಲ, ನಮ್ಮ ರ‍್ಯಾಕಲ್ಲಿ ಇದ್ದದ್ದು ಸರ್ಟಿಫೈ ಆದ ಸ್ಥಿತಿಯಲ್ಲಿರೋ ಮಷೀನ್ ಆಗಿರ್ಲಿಲ್ಲ, ಅಷ್ಟೆ.

ಆವತ್ತು ಇನ್ನೊಂದು ವಿಷಯನೂ ಹೊಳೀತು. ಆ ರೀಡಿಂಗ್ ನಮಗೆ ಸಿಕ್ಕಿದ್ದರಲ್ಲಿ ಈ ಸರ್ಟಿಫಿಕೇಶನ್ನಿನ ಪಾಲೂ ಇದೆ. 2009ರ ಮೇ ತಿಂಗಳಲ್ಲಿ ಜಾರಿಗೆ ಬಂದ ಸರ್ವರ್‌ಗಳ ಮೊದಲ ಎನರ್ಜಿ ಸ್ಟಾರ್ ಆವೃತ್ತಿಯಲ್ಲೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದ್ರೆ ಇಪಿಎ, ಒಂದು ಷರತ್ತು ಹಾಕಿತ್ತು: ಸರ್ವರ್ ತಾನು ಎಳೀತಿರೋ ವ್ಯಾಟ್, ಒಳಗೆ ಬರ್ತಿರೋ ಗಾಳಿಯ ಉಷ್ಣತೆ, ಸಿಪಿಯು ಬಳಕೆ ಈ ಮೂರನ್ನೂ ನೆಟ್‌ವರ್ಕಿನಲ್ಲಿ ಓದೋ ಹಾಗೆ ಕೊಡಬೇಕು. ನನ್ನ ಪ್ರಕಾರ ಇಡೀ ಕಾರ್ಯಕ್ರಮದ ಅತಿ ದೊಡ್ಡ ಕೊಡುಗೆ ಇದೇ. ಮಿತಿಗಳು ಆವೃತ್ತಿಯಿಂದ ಆವೃತ್ತಿಗೆ ಹಳೇದಾಗತ್ತೆ, ಮೀಟರ್ ಮಾತ್ರ ಪ್ರತಿ ಡಬ್ಬದ ಒಳಗೂ ಉಳ್ಕೊಂಡಿದೆ, ದಿನಾ ನಿಜ ಹೇಳ್ತಾನೇ ಇರತ್ತೆ.

ಐಡಲ್ ಮಿತಿ ಬಂತು, ಹೋಯ್ತು

ಹಿನ್ನೆಲೆ ಗೊತ್ತಿರೋದೇ, ಬೇಗ ಹೇಳ್ಬಿಡ್ತೀನಿ. 2007ರಲ್ಲಿ ಇಪಿಎ ಅಮೆರಿಕದ ಸಂಸತ್ತಿಗೆ ಒಂದು ವರದಿ ಕೊಡ್ತು, 2006ರಲ್ಲಿ ಆ ದೇಶದ ಡೇಟಾ ಸೆಂಟರ್‌ಗಳು ಸುಮಾರು 6,100 ಕೋಟಿ ಯೂನಿಟ್, ಅಂದ್ರೆ ಒಟ್ಟು ವಿದ್ಯುತ್ತಿನ ಶೇ 1.5ರಷ್ಟು ಬಳಸಿವೆ ಅಂತ. ಅದೇ ವರ್ಷ ಗೂಗಲ್‌ನ ಲೂಯಿಜ್ ಬಾರೋಸೊ ಮತ್ತು ಉರ್ಸ್ ಹೋಲ್ಜ್ಲ ಇಬ್ಬರೂ ಸರ್ವರ್‌ಗಳು ಪೂರ್ತಿ ಖಾಲಿನೂ ಇರಲ್ಲ, ಪೂರ್ತಿ ತುಂಬಿನೂ ಇರಲ್ಲ, ಹೆಚ್ಚಿನ ಸಮಯ ಶೇ 10ರಿಂದ 50ರ ಬಳಕೆಯಲ್ಲೇ ಇರತ್ತೆ, ಅಲ್ಲೇ ಅವು ಅತಿ ಕೆಟ್ಟದಾಗಿ ಕರೆಂಟ್ ಬಳಸೋದು ಅಂತ ತೋರಿಸಿದ್ರು. ಆಗಿನ ಸರ್ವರ್ ಏನೂ ಮಾಡದೇ ಇದ್ದಾಗ್ಲೂ ಫುಲ್ ಲೋಡಿನ ಅರ್ಧಕ್ಕಿಂತ ಹೆಚ್ಚು ಎಳೀತಿತ್ತು. ಹಾಗಾಗಿ 2009ರ ಮೊದಲ ಆವೃತ್ತಿ ಐಡಲ್ ಮೇಲೇ ಕೈ ಹಾಕ್ತು. ಪ್ರೊಸೆಸರ್ ಕೂರೋ ಜಾಗಕ್ಕೆ ಸಾಕೆಟ್ ಅಂತಾರೆ. ಒಂದು ಸಾಕೆಟ್‌ನ ಸರಳ ಸರ್ವರ್‌ಗೆ 55 ವ್ಯಾಟ್ ಮಿತಿ, ಎರಡು ಸಾಕೆಟ್‌ದಕ್ಕೆ 100. ಅದರ ಮೇಲೆ ಹೆಚ್ಚುವರಿ ಹಾರ್ಡ್ ಡಿಸ್ಕಿಗೆ 8 ವ್ಯಾಟ್, 4 ಜಿಬಿ ದಾಟಿದ ಪ್ರತಿ ಜಿಬಿ ಮೆಮೊರಿಗೆ 2 ವ್ಯಾಟ್ ರಿಯಾಯಿತಿ.

ಆ ಜಿಬಿಗೆ 2 ವ್ಯಾಟ್ ಅನ್ನೋದನ್ನ ಇವತ್ತಿನ ಮಷೀನಿಗೆ ಹಾಕಿ ನೋಡಿ. 512 ಜಿಬಿ ಇರೋ ಸರ್ವರ್‌ಗೆ ಬರೀ ಮೆಮೊರಿ ಲೆಕ್ಕದಲ್ಲೇ 1,016 ವ್ಯಾಟ್ ಬಿಟ್ಟುಕೊಟ್ಟ ಹಾಗಾಯ್ತು. ಯುರೋಪಿಯನ್ ಯೂನಿಯನ್ನಿನ 2019/424 ನಿಯಮದಲ್ಲಿ ಅದೇ ರಿಯಾಯಿತಿ ಜಿಬಿಗೆ 0.18 ವ್ಯಾಟ್, ಅಂದ್ರೆ 512 ಜಿಬಿಗೆ 91 ವ್ಯಾಟ್. ಹತ್ತು ವರ್ಷದಲ್ಲಿ ಹನ್ನೊಂದು ಪಟ್ಟು ಇಳೀತು. ನಿಯಮ ಬರೆಯೋರು ಹಾರ್ಡ್‌ವೇರ್ ಹಿಂದೆ ಓಡ್ತಾನೇ ಇರಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಸಿಕ್ಕಿಲ್ಲ. ಹಳೇ ಆವೃತ್ತಿಯ ಸರ್ಟಿಫಿಕೇಟ್ ತೋರಿಸಿ ‘ಇದೂ ಸರ್ಟಿಫೈಡ್’ ಅಂತ ರಿಫರ್ಬಿಶ್ಡ್ ಸರ್ವರ್ ಮಾರೋರು ಇದ್ದಾರೆ, ಅಲ್ಲಿ ಆವೃತ್ತಿ ಯಾವುದು ಅಂತ ಕೇಳದೇ ಬಿಡಬೇಡಿ.

ಆದರೆ ಐಡಲ್ ಒಂದನ್ನೇ ಅಳೆದ್ರೆ ಇನ್ನೊಂದು ಅನ್ಯಾಯ ಆಗತ್ತೆ. ಎರಡು ಪಟ್ಟು ಕೆಲಸ ಮಾಡೋ ದೊಡ್ಡ ಸರ್ವರ್ ಸ್ವಲ್ಪ ಹೆಚ್ಚು ಐಡಲ್ ಎಳೆದ್ರೂ ಒಟ್ಟಾರೆ ಅದೇ ಉತ್ತಮ, ಎರಡು ಚಿಕ್ಕವನ್ನ ಸೇರಿಸಿ ಅದೊಂದರಲ್ಲೇ ಓಡಿಸಬಹುದು. ಅದಕ್ಕೇ ಕಂಪ್ಯೂಟರ್ ಅಳತೆಯ ಮಾನದಂಡ ಮಾಡೋ ಸ್ಪೆಕ್ ಅನ್ನೋ ಸಂಸ್ಥೆ ಸರ್ಟ್ ಅನ್ನೋ ಟೂಲ್ ಮಾಡ್ತು. ಇದು ಸರ್ವರಿಗೆ ಬೇರೆ ಬೇರೆ ಥರದ ಕೆಲಸ ಕೊಡತ್ತೆ: ಕಂಪ್ರೆಶನ್, ಎನ್‌ಕ್ರಿಪ್ಶನ್, ಸಾರ್ಟಿಂಗ್, ಮ್ಯಾಟ್ರಿಕ್ಸ್ ಲೆಕ್ಕ, ಮೆಮೊರಿ ಓದು ಬರಹ, ಡಿಸ್ಕಿನ ರ‍್ಯಾಂಡಮ್ ಮತ್ತು ಸೀಕ್ವೆನ್ಶಿಯಲ್ ಕೆಲಸ. ಒಂದೊಂದನ್ನೂ ಫುಲ್ ಲೋಡಿಂದ ಹಂತ ಹಂತವಾಗಿ ಇಳಿಸ್ತಾ, ಹೊರಗಿನ ಪವರ್ ಅನಲೈಜರ್‌ನಿಂದ ಪ್ರತಿ ಹಂತದ ವ್ಯಾಟ್ ಬರ್ಕೊಳ್ತಾ ಹೋಗತ್ತೆ. ಕೊನೆಗೆ ಸಿಪಿಯುಗೆ ಶೇ 65, ಮೆಮೊರಿಗೆ 30, ಸ್ಟೋರೇಜ್‌ಗೆ 5 ಅಂತ ತೂಕ ಕೊಟ್ಟು ಒಂದೇ ಸ್ಕೋರ್ ತೆಗೀತಾರೆ. 2019ರಲ್ಲಿ ಬಂದ ಎನರ್ಜಿ ಸ್ಟಾರ್ ಮೂರನೇ ಆವೃತ್ತಿಯಿಂದ ಪಾಸ್ ಫೇಲ್ ನಿಂತಿರೋದು ಈ ಸ್ಕೋರ್ ಮೇಲೆ. ಐಡಲ್ ವ್ಯಾಟ್ ಅಳೆದು ವರದಿ ಮಾಡಬೇಕು, ಆದರೆ ಅದಕ್ಕೆ ಮಿತಿ ಇಲ್ಲ. ಯುರೋಪಿನೋರು ಮಾತ್ರ ಎರಡನ್ನೂ ಇಟ್ಕೊಂಡ್ರು, ಸ್ಕೋರಿಗೂ ಮಿತಿ, ಐಡಲ್‌ಗೂ ಮಿತಿ.

ನಾನು ಈ ವಿಷಯದಲ್ಲಿ ಯುರೋಪಿನ ಕಡೆ. ಸ್ಕೋರ್ ಅನ್ನೋದು ಸರಾಸರಿ, ಬ್ಯುಸಿ ಇದ್ದಾಗಿನ ಒಳ್ಳೇ ಅಂಕಿ ಖಾಲಿ ಇದ್ದಾಗಿನ ಕೆಟ್ಟ ಅಂಕಿನ ಮುಚ್ಚಿಬಿಡತ್ತೆ. ಜಗತ್ತಿನ ಸರ್ವರ್‌ಗಳೆಲ್ಲ ಬ್ಯುಸಿ ಇದ್ದಿದ್ರೆ ಅದರಿಂದ ತೊಂದ್ರೆ ಇರ್ಲಿಲ್ಲ. ಸಂಶೋಧಕರಾದ ಜೊನಾಥನ್ ಕೂಮಿ ಮತ್ತು ಜಾನ್ ಟೇಲರ್ 2015ರಲ್ಲಿ ಸುಮಾರು 4,000 ಸರ್ವರ್‌ಗಳ ಡೇಟಾ ನೋಡಿದಾಗ ಅದರಲ್ಲಿ ಶೇ 30ರಷ್ಟು ಆರು ತಿಂಗಳಿಂದ ಉಪಯೋಗಕ್ಕೆ ಬರೋ ಕೆಲಸ ಏನೂ ಮಾಡಿರ್ಲಿಲ್ಲ. ಅಂಥ ಮಷೀನಿಗೆ ಸಂಬಂಧಪಟ್ಟ ಅಂಕಿ ಇರೋದು ಒಂದೇ, ಐಡಲ್ ವ್ಯಾಟ್.

‘ಸರ್ಟಿಫೈಡ್ ಅಲ್ವಾ ಸರ್, ಇನ್ನೇನು ಬೇಕು’

ಒಂದ್ಸಲ ಖರೀದಿ ಮೀಟಿಂಗಲ್ಲಿ ಇದನ್ನ ಕೇಳಿಯೇ ಬಿಡೋಣ ಅಂತ ಕೇಳಿದೆ. ಬಂದಿದ್ದ ಸೇಲ್ಸ್‌ನೋರಿಗೆ, ನೀವು ಕೋಟ್ ಮಾಡಿರೋ ಕಾನ್ಫಿಗರೇಶನ್ನಿಗೆ ಐಡಲ್ ಎಷ್ಟು ಅಂದೆ. "ಸರ್ಟಿಫೈಡ್ ಅಲ್ವಾ ಸರ್, ಇನ್ನೇನು ಬೇಕು" ಅಂದ್ರು, ಕೊಂಕಿಂದ ಅಲ್ಲ, ಅವರಿಗೆ ನಿಜವಾಗ್ಲೂ ಆ ಪ್ರಶ್ನೆ ಹೊಸದು. ನಮ್ಮ ಪರ್ಚೇಸ್ ಮೇಡಂಗೂ ಹೊಸದೇ, ಆದರೆ ಅವರು ಪೆನ್ ಕೆಳಗಿಟ್ಟು "ಅಂಕಿ ಇದ್ರೆ ತರಿಸಿ, ನಾನು ಶೀಟಲ್ಲಿ ಸೇರಿಸ್ತೀನಿ" ಅಂದ್ರು. ಆ ಮೇಲೆ ಪವರ್ ಅಂಡ್ ಪರ್ಫಾರ್ಮೆನ್ಸ್ ಡೇಟಾ ಶೀಟ್ ಬಂತು. ಸರ್ಟಿಫೈ ಆಗೋ ಪ್ರತಿ ಸರ್ವರ್ ಫ್ಯಾಮಿಲಿಗೂ ಇಂಥದ್ದೊಂದು ಪ್ರಕಟ ಮಾಡಲೇಬೇಕು, ಹಾಗಾಗಿ ಅದು ಹೊಸದಾಗಿ ತಯಾರಿಸಿದ್ದಲ್ಲ, ಎಲ್ಲೋ ಇದ್ದದ್ದೇ.

ಅದನ್ನ ಓದಿದಾಗ ಫ್ಯಾಮಿಲಿ ಅನ್ನೋ ವಿಷಯ ಎಷ್ಟು ದೊಡ್ಡದು ಅಂತ ಅರ್ಥ ಆಯ್ತು. ಒಂದೇ ಮಾಡೆಲ್ ಹೆಸರಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್ ಬದಲಾಯಿಸ್ತಾ ಲೆಕ್ಕವಿಲ್ಲದಷ್ಟು ಕಾನ್ಫಿಗರೇಶನ್ ಮಾಡಬಹುದು, ಎಲ್ಲವನ್ನೂ ಟೆಸ್ಟ್ ಮಾಡೋಕಾಗಲ್ಲ. ಅದಕ್ಕೆ ಕೆಳಗಿನ ತುದಿಯದ್ದೊಂದು ಮೇಲಿನ ತುದಿಯದ್ದೊಂದು ಅಂತ ಕೆಲವನ್ನ ಟೆಸ್ಟ್ ಮಾಡ್ತಾರೆ, ಪಾಸಾದ್ರೆ ನಡುವಿನ ಎಲ್ಲಕ್ಕೂ ಲೇಬಲ್. ಇದರಲ್ಲಿ ತಪ್ಪಿಲ್ಲ, ಬೇರೆ ದಾರಿನೂ ಇಲ್ಲ. ಆದರೆ ನಮ್ಮ ಕೈಗೆ ಬಂದ ಶೀಟಲ್ಲಿ ಮೇಲಿನ ತುದಿಯ ಐಡಲ್ ಕೆಳಗಿನ ತುದಿಯ ಎರಡು ಪಟ್ಟಿಗಿಂತ ಜಾಸ್ತಿ ಇತ್ತು, ನಾವು ಕೇಳಿದ್ದು ಮೇಲಿನ ತುದಿಗೆ ಹತ್ತಿರದ್ದು. ಎರಡಕ್ಕೂ ಒಂದೇ ‘ಹೌದು’. ಮೇಡಂ ಶೀಟಲ್ಲಿ ಹೊಸ ಕಾಲಂ ಹಾಕಿ ಎಲ್ಲ ಕಂಪನಿಯೋರ ಹತ್ರನೂ ಅಂಕಿ ತರಿಸಿದ್ರು. ಮೊದಲ ಸಲ ಆ ಸಾಲಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಕಾಣಿಸ್ತು.

ಆ ಅಂಕಿನ ನಂಬೋದು ಹೇಗೆ ಅಂತ ಕೇಳಿದೋರೂ ಇದ್ರು, ನ್ಯಾಯವಾದ ಪ್ರಶ್ನೆ. 2010ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕ ಪರಿಶೋಧನಾ ಸಂಸ್ಥೆ ಗುಟ್ಟಾಗಿ ಒಂದು ಪರೀಕ್ಷೆ ಮಾಡಿತ್ತು, ಇಲ್ಲದೇ ಇರೋ ಕಂಪನಿಗಳ ಹೆಸರಲ್ಲಿ 20 ನಕಲಿ ಉತ್ಪನ್ನಗಳನ್ನ ಎನರ್ಜಿ ಸ್ಟಾರ್‌ಗೆ ಸಲ್ಲಿಸ್ತು, 15ಕ್ಕೆ ಲೇಬಲ್ ಸಿಕ್ತು. ಅದರಲ್ಲಿ ಪೆಟ್ರೋಲಲ್ಲಿ ಓಡೋ ಅಲಾರಂ ಗಡಿಯಾರವೂ ಒಂದು. ಆಗ ಕಂಪನಿ ತಾನೇ ಅಳೆದು ತಾನೇ ಕಳಿಸಿದ್ರೆ ಸಾಕಾಗ್ತಿತ್ತು. ಆ ವರದಿ ಬಂದ್ಮೇಲೆ, 2011ರಿಂದ, ಮಾನ್ಯತೆ ಇರೋ ಲ್ಯಾಬಲ್ಲಿ ಟೆಸ್ಟ್ ಆಗಿ ಮೂರನೆಯವರ ಸರ್ಟಿಫಿಕೇಶನ್ ಆಗಲೇಬೇಕು, ಜೊತೆಗೆ ಪ್ರತಿ ವರ್ಷ ಕನಿಷ್ಠ ಶೇ 10ರಷ್ಟು ಮಾಡೆಲ್‌ಗಳನ್ನ ಮತ್ತೆ ಪರೀಕ್ಷೆ ಮಾಡಬೇಕು ಅಂತ ಆಯ್ತು. ಪೆಟ್ಟು ತಿಂದು ಗಟ್ಟಿಯಾದ ವ್ಯವಸ್ಥೆ ಇದು, ಅದಕ್ಕೇ ನನಗೆ ಇದರ ಮೇಲೆ ನಂಬಿಕೆ.

ಪವರ್ ಸಪ್ಲೈನ ಹತ್ತು ಪರ್ಸೆಂಟ್

ಸರ್ವರ್ ಒಳಗೆ ಇನ್ನೊಂದು ಸರ್ಟಿಫಿಕೇಟ್ ಇರತ್ತೆ, ಪವರ್ ಸಪ್ಲೈನ ದಕ್ಷತೆಗೆ ಕೊಡೋ 80 ಪ್ಲಸ್. 2004ರಲ್ಲಿ ಶುರುವಾಗಿದ್ದು, ಈಗ ಗೋಲ್ಡ್, ಪ್ಲಾಟಿನಂ, ಟೈಟಾನಿಯಂ ಅಂತೆಲ್ಲ ಮಟ್ಟ. ರಿಡಂಡಂಟ್ ಸರ್ವರ್ ಪವರ್ ಸಪ್ಲೈಗೆ 230 ವೋಲ್ಟಲ್ಲಿ ಪ್ಲಾಟಿನಂ ಅಂದ್ರೆ ಅರ್ಧ ಲೋಡಲ್ಲಿ ಶೇ 94 ದಕ್ಷತೆ, ಟೈಟಾನಿಯಂ ಅಂದ್ರೆ 96. ಎರಡು ಪಾಯಿಂಟ್ ವ್ಯತ್ಯಾಸಕ್ಕೆ ಅಷ್ಟು ದುಡ್ಡಾ ಅಂತ ಅನ್ನಿಸೋದು ಸಹಜ. ನಿಜವಾದ ವ್ಯತ್ಯಾಸ ಅಲ್ಲಿಲ್ಲ. ಎರಡು 800 ವ್ಯಾಟಿನ ಸಪ್ಲೈ ಹಾಕಿರ್ತೀವಿ, ಒಂದು ಹೋದ್ರೆ ಇನ್ನೊಂದು ಇರಲಿ ಅಂತ. ಸರ್ವರ್ 160 ವ್ಯಾಟ್ ಎಳೀತಿದೆ, ಇಬ್ಬರೂ ಹಂಚ್ಕೊಂಡ್ರೆ ತಲಾ 80, ಅಂದ್ರೆ ಶೇ 10 ಲೋಡ್. ರಾತ್ರಿಯೆಲ್ಲ ಪವರ್ ಸಪ್ಲೈ ಬದುಕೋದೇ ಅಲ್ಲಿ. ಗೋಲ್ಡ್, ಪ್ಲಾಟಿನಂ ಮಟ್ಟಗಳ ಕೆಳಗಿನ ಟೆಸ್ಟ್ ಶೇ 20ಕ್ಕೇ ನಿಲ್ಲತ್ತೆ. ಟೈಟಾನಿಯಂ ಆದ್ರೆ ಶೇ 10 ಲೋಡಲ್ಲೂ 90 ದಕ್ಷತೆ ಕೊಡಬೇಕು ಅನ್ನತ್ತೆ. ಯುರೋಪಿನ ನಿಯಮ 2023ರ ಜನವರಿಯಿಂದ ಇದೇ ಮಟ್ಟ ಕೇಳ್ತಿದೆ, ಹಾಗಾಗಿ ದೊಡ್ಡ ಕಂಪನಿಗಳ ಹತ್ರ ಟೈಟಾನಿಯಂ ಇದ್ದೇ ಇರತ್ತೆ, ಕೋಟ್‌ನಲ್ಲಿ ಡೀಫಾಲ್ಟ್ ಆಗಿ ಬರದೇ ಇರಬಹುದು ಅಷ್ಟೆ. ಬೇಕಿಲ್ಲದಷ್ಟು ದೊಡ್ಡ ಸಪ್ಲೈ ತಗೊಳ್ಳೋದಂತೂ ಬೇಡ, 500ರಲ್ಲಿ ಮುಗಿಯೋ ಕೆಲಸಕ್ಕೆ 1,400 ವ್ಯಾಟಿಂದು ಹಾಕಿದ್ರೆ ಯಾವ ಮಟ್ಟದ ಸ್ಟಿಕರ್ ಇದ್ರೂ ಅದು ಅಳೆದಿರದ ಜಾಗದಲ್ಲೇ ಕೂತಿರತ್ತೆ.

(ಫ್ಯಾನ್ ಬಗ್ಗೆ ಒಂದು ಮಾತು. ಎಸಿ ಖರ್ಚು ಉಳಿಸೋಕೆ ರೂಮಿನ ಉಷ್ಣತೆ ಏರಿಸ್ತಾರೆ, ಒಂದು ಹಂತದವರೆಗೆ ಒಳ್ಳೇದೇ. ಆದರೆ ಸರ್ವರ್ ಫ್ಯಾನ್ ವೇಗ ಶೇ 20 ಹೆಚ್ಚಾದ್ರೆ ಅದು ಎಳೆಯೋ ಕರೆಂಟ್ ಶೇ 70ಕ್ಕೂ ಹೆಚ್ಚು ಏರತ್ತೆ, ವೇಗದ ಘನಕ್ಕೆ ತಕ್ಕಂತೆ. ಆ ಫ್ಯಾನ್ ಸರ್ವರ್ ಒಳಗಿರೋದ್ರಿಂದ ಪಿಯುಇ ಲೆಕ್ಕದಲ್ಲಿ ಅದು ‘ಉಪಯುಕ್ತ ಐಟಿ ಲೋಡ್’. ಪಿಯುಇ ಚೆನ್ನಾಗಾಗತ್ತೆ, ಬಿಲ್ ಏರತ್ತೆ. ಡಬ್ಬದ ಮಟ್ಟದ ಮೀಟರ್ ಇಲ್ದಿದ್ರೆ ಇದು ಕಣ್ಣಿಗೇ ಬೀಳಲ್ಲ.)

ಸ್ಟೋರೇಜ್ ಕಥೆ ಬೇರೆ

ಸರ್ವರ್‌ದೇ ನಿಯಮ ಸ್ಟೋರೇಜ್‌ಗೆ ಹಾಕೋಕಾಗಲ್ಲ. ಸರ್ವರ್ ಕೆಲಸ ಇಲ್ಲದಾಗ ನಿದ್ದೆ ಮಾಡಬಹುದು, ಸ್ಟೋರೇಜ್‌ನಲ್ಲಿ ಯಾರೂ ಏನೂ ಓದ್ದೇ ಇದ್ರೂ ಡಿಸ್ಕಿನ ಪ್ಲೇಟುಗಳು ತಿರುಗ್ತಾನೇ ಇರಬೇಕು, ಯಾಕಂದ್ರೆ ಮುಂದಿನ ಕ್ಷಣ ಯಾರಾದ್ರೂ ಕೇಳಬಹುದು. 3.5 ಇಂಚಿನ ಒಂದು ಹಾರ್ಡ್ ಡಿಸ್ಕ್ ಸುಮ್ನೆ ತಿರುಗೋಕೇ ಐದು ವ್ಯಾಟ್ ಆಸುಪಾಸು ಬೇಕು. ಎಸ್‌ಎನ್‌ಐಎ ಅನ್ನೋ ಸ್ಟೋರೇಜ್ ಉದ್ಯಮದ ಸಂಸ್ಥೆಯ ಎಮರಾಲ್ಡ್ ಅಳತೆ ವಿಧಾನ ಇದನ್ನ ‘ರೆಡಿ ಐಡಲ್’ ಅನ್ನತ್ತೆ, ಒಂದು ವ್ಯಾಟಿಗೆ ಎಷ್ಟು ಜಿಬಿ ಸಿದ್ಧವಾಗಿದೆ ಅನ್ನೋದು ಅದರ ಲೆಕ್ಕ. ಜೊತೆಗೆ ವ್ಯಾಟಿಗೆ ಎಷ್ಟು ಐಒಪಿಎಸ್ (ಸೆಕೆಂಡಿಗೆ ಎಷ್ಟು ಓದು ಬರಹ), ಎಷ್ಟು ಎಂಬಿ ಹರಿವು ಅಂತನೂ ಅಳೀತಾರೆ. 2013ರ ಡಿಸೆಂಬರಲ್ಲಿ ಶುರುವಾದ ಸ್ಟೋರೇಜ್‌ನ ಎನರ್ಜಿ ಸ್ಟಾರ್ ನಿಂತಿರೋದು ಇದರ ಮೇಲೇ.

ಇದರಲ್ಲಿ ನನಗೆ ತುಂಬ ಇಷ್ಟ ಆದದ್ದು ಡೀಡುಪ್ಲಿಕೇಶನ್, ಕಂಪ್ರೆಶನ್, ಥಿನ್ ಪ್ರೊವಿಶನಿಂಗ್, ಸ್ನ್ಯಾಪ್‌ಶಾಟ್ ಇಂಥ ಕಡಿಮೆ ಜಾಗದಲ್ಲಿ ಹೆಚ್ಚು ಡೇಟಾ ಇಡೋ ಉಪಾಯಗಳನ್ನೆಲ್ಲ ವಿದ್ಯುತ್ ಉಳಿತಾಯ ಅಂತ ಗುರುತಿಸಿರೋದು. ಸಾಫ್ಟ್‌ವೇರ್ ಫೀಚರ್ ಅಂತ ನಾವು ನೋಡೋದನ್ನ ಅವರು ಕರೆಂಟಿನ ಕಣ್ಣಲ್ಲಿ ನೋಡಿದ್ರು: ಹತ್ತು ಪ್ರತಿ ಇಡೋ ಜಾಗದಲ್ಲಿ ಒಂದಿಟ್ರೆ ಒಂಬತ್ತು ಪ್ರತಿಗೆ ಬೇಕಿದ್ದ ಡಿಸ್ಕ್ ತಿರುಗೋದೇ ಬೇಡ. ಟೆಸ್ಟಲ್ಲಿ ಆ ಫೀಚರ್ ಕೆಲಸ ಮಾಡತ್ತೆ ಅಂತ ತೋರಿಸಬೇಕು. ಆದರೆ ಅದನ್ನ ಆನ್ ಮಾಡೋದು ನಮ್ಮ ಕೈಲಿ, ಲೈಸೆನ್ಸ್ ಕೊಟ್ಟು ತಗೊಂಡು ಆಫ್ ಇಟ್ಟಿರೋ ಸ್ಟೋರೇಜ್ ಅರೇಗಳನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಸ್ಟೋರೇಜ್ ಅಡ್ಮಿನ್‌ಗಳಿಗೆ ನನ್ನ ಬಿನ್ನಹ ಏನಂದ್ರೆ ಯಾವ ವಾಲ್ಯೂಮನ್ನ ಒಂದು ವರ್ಷದಿಂದ ಯಾರೂ ಓದಿಲ್ಲ ಅಂತ ಒಂದು ವರದಿ ತೆಗೀರಿ. ಅದನ್ನ ಟೇಪಿಗೆ ಕಳಿಸಿದ್ರೆ ಸಿಗೋ ಉಳಿತಾಯ ಯಾವ ಲೇಬಲ್ಲೂ ಕೊಡಲ್ಲ, ಶೆಲ್ಫಲ್ಲಿ ಕೂತ ಟೇಪು ಕರೆಂಟೇ ಎಳೆಯಲ್ಲ.

ಜಿಪಿಯು ಹೊರಗೆ ಉಳೀತು

ಇಷ್ಟೆಲ್ಲ ಕಟ್ಟಿದ್ಮೇಲೆ ಈಗ ಅತಿ ಹೆಚ್ಚು ಕರೆಂಟ್ ತಿನ್ನೋ ಮಷೀನೇ, ಅಂದ್ರೆ ಎಐ ಲೆಕ್ಕ ಮಾಡೋ ಜಿಪಿಯು ಚಿಪ್ ಇರೋ ಸರ್ವರೇ, ಈ ಬೇಲಿಯ ಹೊರಗಿದೆ, ಅದೇ ನನ್ನ ದೊಡ್ಡ ಸಂಕಟ. ಸರ್ಟ್ ಕೊಡೋ ಕೆಲಸಗಳೆಲ್ಲ ಸಿಪಿಯು, ಮೆಮೊರಿ, ಡಿಸ್ಕಿಗೆ, ಜಿಪಿಯುಗೆ ಅದರಲ್ಲಿ ಕೆಲಸವೇ ಇಲ್ಲ. ಕಾರ್ಡ್ ರೂಪದ ಜಿಪಿಯು ಇದ್ರೆ ಅದನ್ನ ತೆಗೆದಿಟ್ಟು ಟೆಸ್ಟ್ ಮಾಡ್ತಾರೆ. ಎನ್ವಿಡಿಯಾದ ಎಂಟು ಎಚ್100 ಜಿಪಿಯು ಇರೋ ಡಿಜಿಎಕ್ಸ್ ಸಿಸ್ಟಂ ಗರಿಷ್ಠ 10.2 ಕಿಲೋವ್ಯಾಟ್ ಎಳೆಯತ್ತೆ, ಒಂದೊಂದು ಜಿಪಿಯುನೂ 700 ವ್ಯಾಟ್ ತನಕ ಹೋಗತ್ತೆ. ನಮ್ಮ ಆ 110 ವ್ಯಾಟಿನ ಸರ್ವರ್‌ಗಳನ್ನ ತೊಂಬತ್ತು ಸಾಲಾಗಿ ಇಟ್ಟ ಹಾಗೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಲ್ಲಿ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಸುಮಾರು 41,500 ಕೋಟಿ ಯೂನಿಟ್ ಬಳಸಿವೆ, 2030ಕ್ಕೆ ಅದು 94,500 ಕೋಟಿ ಹತ್ತಿರ ಹೋಗತ್ತೆ ಅಂತಿದ್ದಾರೆ. ಇಂಥ ಟೈಮಲ್ಲೇ, 2025ರ ಮೇ ತಿಂಗಳಲ್ಲಿ, ಎನರ್ಜಿ ಸ್ಟಾರ್ ಕಾರ್ಯಕ್ರಮವನ್ನೇ ನಿಲ್ಲಿಸೋ ಯೋಚನೆ ಅಮೆರಿಕದ ಸರ್ಕಾರಕ್ಕಿದೆ ಅಂತ ಸುದ್ದಿ ಬಂತು. ಅದನ್ನ ಓದಿದ ದಿನ ನನಗೆ ನಿಜಕ್ಕೂ ಬೇಜಾರಾಯ್ತು. ಲೋಗೋ ಹೋಗತ್ತೆ ಅಂತಲ್ಲ, ಎಲ್ಲ ಕಂಪನಿಗಳೂ ಒಂದೇ ಥರ ಅಳೆದು ಒಂದೇ ಜಾಗದಲ್ಲಿ ಹಾಕಿರೋ ಆ ಐಡಲ್ ಕಾಲಂ ಇದ್ಯಲ್ಲ, ಅಂಥದ್ದನ್ನ ಮತ್ತೆ ಯಾರು ಕಟ್ತಾರೆ ಅಂತ.

ಜಿಪಿಯು ಸರ್ವರ್‌ಗೆ ಲೇಬಲ್ ಬರೋವರೆಗೂ ಕಾಯೋ ಹಾಗಿಲ್ಲ, ಕೇಳೋದನ್ನ ಇವತ್ತೇ ಕೇಳಬಹುದು. ಈ ಸಲ ನಮ್ಮ ಕೋಟೇಶನ್ ಪತ್ರದಲ್ಲಿ ಮೇಡಂ ಜೊತೆ ಕೂತು ಹೊಸದಾಗಿ ಒಂದಿಷ್ಟು ಸೇರಿಸಿದ್ವಿ: ನೀವು ಕಳಿಸ್ತಿರೋ ಕಾನ್ಫಿಗರೇಶನ್ನಲ್ಲೇ, ಎಐ ಮಾಡೆಲ್ ಲೋಡ್ ಆಗಿ ರಿಕ್ವೆಸ್ಟ್ ಇಲ್ಲದೇ ಕೂತಿರೋವಾಗ ಎಷ್ಟು ವ್ಯಾಟ್; ಪವರ್ ಸಪ್ಲೈ ಶೇ 10 ಲೋಡಲ್ಲಿ ಎಷ್ಟು ದಕ್ಷತೆ; ಬಯಾಸ್ ಯಾವ ಪ್ರೊಫೈಲಲ್ಲಿ ಇಟ್ಟು ಅಳೆದಿರಿ. ಒಬ್ಬರು ಮೂರಕ್ಕೂ ಉತ್ತರ ಕೊಟ್ಟಿದ್ದಾರೆ. ಇನ್ನೊಬ್ಬರು ಲ್ಯಾಬಿಗೆ ಕೇಳಿ ಹೇಳ್ತೀವಿ ಅಂದಿದ್ದಾರೆ, ಫಾಲೋಅಪ್ ಮಾಡ್ತಾ ಇದ್ದೀವಿ.